ಹ್ಞೂಂ ಅನ್ನುವವರೆಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಮಾವ ಪೇಪರ್ ಬಿಚ್ಚಿದರು.

ನನ್ನ ಗಂಡ ಹಾಲೇಶ್‌ನನ್ನು ಮಣ್ಣು ಮಾಡಿದ ದಿನದಿಂದ ಬಂದ ಪೇಪರುಗಳು ಕಿಟಕಿಯ ಕಟ್ಟೆಯ ಮೇಲೆ ಮಡಿಕೆ ಬಿಚ್ಚದೆ ಬಿದ್ದಿದ್ದವು. ಅವನ್ನು ಮುಟ್ಟದೆ ಆ ದಿನದ್ದನ್ನು ಮಾತ್ರ ಜಗಲಿಯ ಮೇಲೆ ಹಾಸಿಕೊಂಡು ಎಂದಿನಂತೆ ಗಟ್ಟಿಯಾಗಿ ಓದತೊಡಗಿದರು. ನಮ್ಮ ಮಾವ ಕಲ್ಲಪ್ಪನವರಿಗೆ ಓದುವುದು ಎಂದರೆ ಕೂಗಿ ಓದುವುದು. ಅತ್ತೆ ಕರಿಬಸಮ್ಮನವರಿಗೆ ಅಕ್ಷರ ಬಾರದು. ಅವರಿಗೆ ಓದುವುದು ಎಂದರೆ ರೊಟ್ಟಿ ತಟ್ಟುತ್ತಾ ಕೇಳುವುದು.

ಈರುಳ್ಳಿ ರೇಟು ಬಂತು, ಕೊಬ್ಬರಿ ರೇಟು ಬಂತು. ಆಮೇಲೆ ಒಂದು ಹಾಳೆ ಸರಕ್ಕನೆ ಮಗುಚಿದ ಸದ್ದು.

"ಒಂದು ಹಾಳೆ ಬಿಟ್ರಿ," ಎಂದರು ಅತ್ತೆ ಒಲೆಯ ಮುಂದಿನಿಂದ.

"ಅದ್ರಾಗೆ ಏನೂ ಇಲ್ಲ ಕಣೇ."

ಅದು ನಿಧನದ ಸುದ್ದಿಗಳ ಪುಟ. ತಟ್ಟುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆಗ ಹಾಲೇಶ್‌ನ ಫೋನ್ ಹೊಡೆದುಕೊಂಡಿತು. ಅದನ್ನು ದಿನವೂ ನಾನೇ ಚಾರ್ಜಿಗೆ ಹಾಕುತ್ತಿದ್ದೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. 'ಬೀರೂರು ಪುಟ್ಟಯ್ಯ' ಎಂದು ಬಂದಿತ್ತು.

"ಹಾಲೇಶಪ್ಪ ಇಲ್ವೇನವ್ವಾ?" ವಯಸ್ಸಾದ ದನಿ.

"ಇಲ್ಲ," ಎಂದೆ. ಸುಳ್ಳೇನಲ್ಲ.

"ಬೋರಿಗೆ ಮೋಟರ್ ಇಳ್ಸೋಕೆ ಹೋಗಿರ್ಬೇಕು ಬಿಡು. ನಾನು ಪುಟ್ಟಯ್ಯ, ರೈಲ್ವೇಲಿದ್ದು ರಿಟೇರ್ ಆದೋನು. ನಮ್ಮ ಮನೆಯೋಳ್ದು ಒಂದು ಪುಸ್ತಕ ಓದೋಕೆ ಅಂತ ತಗೊಂಡೋಗಿದ್ದ. ಬರೋ ಅಮಾಸೆಗೆ ಆಕೀಗೆ ಎಡೆ ಇಕ್ತೀನಿ. ಆಕೆ ಪುಸ್ತಕ ಎಲ್ಲಾ ಫೋಟೋ ಮುಂದೆ ಇಡೋದು ನಮ್ಮನೇಲಿ. ಅದೊಂದು ಇಲ್ದಿದ್ರೆ ಬೈತಾಳೆ ಕಣವ್ವ. ಅಮಾಸೆ ಒಳಗೆ ಓದಿ ಮುಗ್ಸಿ ಕೊಡೋಕೆ ಹೇಳು. ಬಂದ್ಮೇಲೆ ಹೇಳ್ತೀಯಲ್ಲ?"

"ಹ್ಞೂಂ," ಎಂದೆ.

ಆ ಪುಸ್ತಕ ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ನಮ್ಮ ಕೋಣೆಯಲ್ಲಿ, ಕಿಟಕಿಯ ಪಕ್ಕ, ಒಂದು ಸ್ಟೂಲಿನ ಮೇಲೆ ಇತ್ತು. ಅರ್ಧ ಆಗಿತ್ತು.

*

ಹಾಲೇಶ್ ನನಗೆ ಸಿಕ್ಕಿದ್ದು ತರೀಕೆರೆಯಿಂದ ಹೊರಟ ರೈಲಿನಲ್ಲಿ.

ಶಂಕರಘಟ್ಟದಲ್ಲಿ ಎಂ.ಎ. ಮುಗಿಸಿ ಕಡೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ್ದ ಹೊಸತು. ತರೀಕೆರೆಯ ನಮ್ಮ ಮನೆಯಿಂದ ದಿನವೂ ಹೋಗಿ ಬರುತ್ತಿದ್ದೆ. ರೈಲಿನಲ್ಲಿ ಯಾರೊಂದಿಗೂ ಮಾತಾಡದೆ ಇರಲು ಪುಸ್ತಕದಷ್ಟು ಒಳ್ಳೆಯ ಅಡ್ಡಗೋಡೆ ಇಲ್ಲ. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ತೆರೆದ ಕಾದಂಬರಿ. ನಾನು ಬೇಗ ಓದುವವಳು. ಕಣ್ಣು ಪುಟದ ಮೇಲಿಂದ ಇಳಿಜಾರಿನಲ್ಲಿ ಇಳಿದ ಹಾಗೆ ಇಳಿಯುತ್ತದೆ.

ಪುಟ ತಿರುಗಿಸಲು ಕೈ ಎತ್ತಿದ್ದೆ.

"ಒಂದ್ನಿಮಿಷ ತಡೀರಿ ಮೇಡಂ. ಇನ್ನೂ ಆಗಿಲ್ಲ."

ಎದುರು ಸೀಟಿನಲ್ಲಿ ಕೂತಿದ್ದವನು. ಕಾಲ ಬಳಿ ತಾಮ್ರದ ವೈರಿನ ಸುರುಳಿ, ಉಗುರಿನ ಸಂದಿನಲ್ಲಿ ವಾರ್ನಿಷ್ ಬಣ್ಣ. ನನ್ನ ಮುಖ ನೋಡುತ್ತಿರಲಿಲ್ಲ. ಪುಸ್ತಕ ನೋಡುತ್ತಿದ್ದ.

"ಏನು ಆಗಿಲ್ಲ?"

"ಆ ಪುಟ. ಕೊನೇ ನಾಕು ಸಾಲು ಐತೆ. ಅವನು ಬಾಗಿಲು ತೆಗೆದ್ನಲ್ಲ, ಒಳಗೆ ಯಾರವ್ರೆ ಅಂತ..."

"ನಿಮಗೆ ತಲೆಕೆಳಗಾಗಿ ಕಾಣುತ್ತಲ್ಲ?"

"ನಂಗೆ ಹಂಗೇ ಸಲೀಸು."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಆದರೆ ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು, ಕಣ್ಣು ಒಂದೊಂದೇ ಪದದ ಮೇಲೆ ಕಾಲಿಟ್ಟು ದಾಟುತ್ತಿತ್ತು. ಕೊನೆಗೆ ಗಲ್ಲ ಎತ್ತಿ, "ಹ್ಞೂಂ," ಎಂದ.

ನಾನು ಪುಟ ತಿರುಗಿಸಿದೆ. ಯಾಕೆ ತಿರುಗಿಸಿದೆ, ಯಾಕೆ ಪುಸ್ತಕ ಮುಚ್ಚಲಿಲ್ಲ, ಎಂದು ಇವತ್ತಿಗೂ ಕೇಳಿಕೊಂಡಿಲ್ಲ.

"ಹಿಂಗೆ ಓದೋದು ಯಾವ ಸ್ಕೂಲಲ್ಲಿ ಕಲಿಸ್ತಾರೆ?" ಎಂದು ಮುಂದಿನ ಪುಟದ ಕೊನೆಯಲ್ಲಿ ಕಾಯುತ್ತಾ ಕೇಳಿದೆ.

"ನಮ್ಮಪ್ಪನ ಸ್ಕೂಲು. ಅಪ್ಪ ಜಗಲಿ ಮೇಲೆ ಪೇಪರ್ ಹಾಸ್ಕೊಂಡು ಕೂಗಿ ಕೂಗಿ ಓದೋರು. ನಾನು ಎದುರಿಗೆ ಕೂತು ಅವರ ಬೆರಳು ನೋಡ್ತಾ ಕಲ್ತೆ. ಸ್ಕೂಲಿಗೆ ಹಾಕಿದ್ಮೇಲೆ ಮೇಷ್ಟ್ರು ಪುಸ್ತಕ ಕೊಟ್ರು, ನಾನು ತಿರುಗಿಸಿ ಇಟ್ಕೊಂಡೆ. ತಲೆ ಮೇಲೆ ಒಂದು ಮೊಟಕಿ ನೆಟ್ಟಗೆ ಇಟ್ರು. ನಾನು ಮತ್ತೆ ತಿರುಗಿಸ್ದೆ."

"ಆಮೇಲೆ?"

"ಆಮೇಲೆ ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆಯ್ತು."

ನಗಬಾರದು ಎಂದುಕೊಂಡಿದ್ದೆ. ನಕ್ಕುಬಿಟ್ಟೆ.

ಬೀರೂರಿನಲ್ಲಿ ಅವನು ಇಳಿಯಬೇಕು, ಅಜ್ಜಂಪುರಕ್ಕೆ ಗಾಡಿ ಬದಲಿಸಬೇಕು. ವೈರಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಇಳಿದವನು ಪ್ಲಾಟ್‌ಫಾರಂ ಮೇಲೆ ಓಡಿಕೊಂಡು ನನ್ನ ಕಿಟಕಿಯ ಹತ್ತಿರ ಬಂದ.

"ಮುಂದೆ ಓದ್ಬಿಡ್ಬೇಡ್ರೀ! ನಾಳೆ ಇದೇ ಬೋಗಿಗೆ ಬತ್ತೀನಿ."

ಕಡೂರಿನವರೆಗೆ ಪುಸ್ತಕ ತೆರೆದೇ ಇತ್ತು. ನಾನು ಒಂದು ಸಾಲೂ ಮುಂದೆ ಹೋಗಲಿಲ್ಲ. ಮನೆಗೆ ಬಂದ ಮೇಲೂ ಹೋಗಲಿಲ್ಲ. ಮಾರನೆಯ ದಿನ ಅವನು ತರೀಕೆರೆಯಲ್ಲಿ ಹತ್ತಿದಾಗ ಕೈಯಲ್ಲಿ ವೈರಿನ ಸುರುಳಿ ಇರಲಿಲ್ಲ, ಯಾವ ಸಾಮಾನೂ ಇರಲಿಲ್ಲ. ಎದುರಿಗೆ ಕೂತು, ಕೈ ಒರೆಸಿಕೊಂಡು, "ಎಲ್ಲಿಗೆ ನಿಲ್ಸಿದ್ವಿ?" ಎಂದ.

"ನಿಮಗೆ ಇವತ್ತು ತರೀಕೆರೆಯಲ್ಲಿ ಏನು ಕೆಲಸ ಇತ್ತು?"

"ಅದು ಪುಸ್ತಕ ಮುಗಿದ್ಮೇಲೆ ಹೇಳ್ತೀನಿ."

ಮುಗಿದ ಮೇಲೆ ಹೇಳಿದ. ಕೆಲಸ ಇರಲಿಲ್ಲವಂತೆ.

*

ಮದುವೆಯಾದ ಮೇಲೂ ಹಾಗೆಯೇ ನಡೆಯಿತು.

ಸಂಜೆ ಅವರು ತಮ್ಮ ಮೋಟರ್ ವೈಂಡಿಂಗ್ ಅಂಗಡಿ ಮುಚ್ಚಿ ಬಂದು, ಕೈ ತೊಳೆದು, ಎಷ್ಟು ತೊಳೆದರೂ ವಾರ್ನಿಷ್ ವಾಸನೆಯೊಂದಿಗೇ, ಸ್ಟೂಲಿನ ಆಚೆ ಕೂರುತ್ತಿದ್ದರು. ಈಚೆ ನಾನು. ನಡುವೆ ಪುಸ್ತಕ, ನನ್ನ ಕಡೆಗೆ ಮುಖ ಮಾಡಿಕೊಂಡು. ನಿಯಮ ಒಂದೇ. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗುವ ಹಾಗಿಲ್ಲ. ಅವರು ಹ್ಞೂಂ ಅನ್ನುವವರೆಗೆ ನಾನು ಪುಟ ತಿರುಗಿಸುವ ಹಾಗಿಲ್ಲ.

ನಾನು ಪುಟ ಮುಗಿಸಿ ಕಾಯುತ್ತಿದ್ದೆ. ಕಾಯುವಾಗ ಅವರ ಮುಖವನ್ನು ಓದುತ್ತಿದ್ದೆ. ಹುಬ್ಬಿನ ತುದಿಯಲ್ಲಿ ಒಂದು ಸಣ್ಣ ಸುಟ್ಟ ಗುರುತು. ಕಷ್ಟದ ಪದ ಬಂದರೆ ಕೆಳತುಟಿ ಒಳಗೆ ಹೋಗುತ್ತಿತ್ತು. ನಗೆಯ ಮಾತು ಇದ್ದರೆ ಅದು ಯಾವ ಸಾಲಿನಲ್ಲಿದೆ ಎಂದು ನನಗೆ ಗೊತ್ತಿರುತ್ತಿತ್ತು. ಅವರು ಆ ಸಾಲಿಗೆ ಬಂದು ಮುಟ್ಟುವುದನ್ನೇ ನೋಡುತ್ತಿದ್ದೆ. ಮೊದಲು ಕಣ್ಣು, ಆಮೇಲೆ ಕೆನ್ನೆ, ಕೊನೆಗೆ ಹಲ್ಲು.

"ಅಕ್ಷರ ಇಲ್ಲಿಲ್ಲ ಕಣೇ ವಿದ್ಯಾ, ಅಲ್ಲೈತೆ," ಎಂದು ತಲೆ ಎತ್ತದೆಯೇ ಅನ್ನುತ್ತಿದ್ದರು.

"ನಂದು ಆಯ್ತು. ನೀವು ಬೇಗ ಓದಿ."

"ಬೇಗ ಓದಿದ್ರೆ ನೀನು ನನ್ನ ಮಕ ನೋಡ್ತೀಯಾ?"

ಆಮೇಲೆ ಬೇಕೆಂದೇ ಎಳೆದಾಡುತ್ತಿದ್ದರು.

ಅಕ್ಷತಾಳಿಗೆ ಇದು ದೊಡ್ಡ ನಗೆಯ ವಿಷಯ. ಹಾಲೇಶ್‌ನ ಅಕ್ಕನ ಮಗಳು, ಪಿಯುಸಿಗೆಂದು ನಮ್ಮಲ್ಲಿ ಇದ್ದಳು. ಅವಳು ಓದುವುದೆಲ್ಲ ಫೋನಿನಲ್ಲಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ. ಇಲ್ಲವೇ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಕಥೆ ಹೇಳುವವರಿಗೆ ಉಸಿರು ಬಿಡಲೂ ಪುರಸೊತ್ತಿಲ್ಲದಷ್ಟು ಸ್ಪೀಡಿನಲ್ಲಿ. "ಮಾವ, ನೀವು ಒಂದು ಪುಸ್ತಕ ಮುಗಿಸೋದ್ರೊಳಗೆ ನಾನು ಮೂರು ಲವ್‌ಸ್ಟೋರಿ ಮುಗಿಸ್ತೀನಿ," ಅನ್ನುವಳು.

"ಮೂರ್ರಾಗೆ ಒಂದರ ಹೀರೋ ಹೆಸರು ಹೇಳು ನೋಡೋಣ," ಎನ್ನುವರು ಇವರು. ಅವಳು ಯೋಚಿಸುತ್ತಾ ನಿಲ್ಲುವಳು.

ಬೀರೂರಿನ ಪುಸ್ತಕ ಬಂದಿದ್ದು ಪುಟ್ಟಯ್ಯನವರ ಮನೆಯ ಮೋಟರ್ ರಿಪೇರಿಗೆ ಹೋದಾಗ. ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯನ್ನು ಪುಟ್ಟಯ್ಯನವರ ಹೆಂಡತಿ ಹಾಲಮ್ಮ ವಾರವಾರವೂ ಕತ್ತರಿಸಿಟ್ಟು, ಎಲ್ಲ ಸೇರಿದ ಮೇಲೆ ದಬ್ಬಳದಲ್ಲಿ ಹೊಲಿಸಿ, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿದ್ದು. ಕಥೆಯ ಬೆನ್ನಿಗೆ ಕೂದಲೆಣ್ಣೆಯ ಜಾಹೀರಾತು, ಪದಬಂಧ, ಯಾವುದೋ ಕಾಲದ ಹಲ್ವ ಮಾಡುವ ವಿಧಾನ. ಸುಗುಣ ಎಂಬ ನರ್ಸು, ಕೆಮ್ಮಣ್ಣುಗುಂಡಿಯ ರಸ್ತೆಯಲ್ಲಿ ಲಾರಿ ಓಡಿಸುವವನೊಬ್ಬ, ಅವನಿಗಾಗಿ ಅವಳು ಮನೆ ಬಿಡುತ್ತಾಳೋ ಇಲ್ಲವೋ. ಅಷ್ಟೇ ಕಥೆ. ಆದರೆ ಬಿಡಲು ಆಗುತ್ತಿರಲಿಲ್ಲ.

"ಮುಂದೆ ಒಂದು ಕಡೆ ನಿನ್ನ ಗತಿ ನೋಡ್ಬೇಕು ನಾನು," ಎಂದು ಒಂದು ಸಂಜೆ ನಕ್ಕರು.

"ಏನಿದೆ ಅಲ್ಲಿ?"

"ಪುಟ್ಟಯ್ಯ ಹೇಳವ್ರೆ. ನಾನು ಹೇಳಂಗಿಲ್ಲ."

ಸುಗುಣ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು, ಬಸ್ಸು ಬಂದಿತ್ತು. ಅಲ್ಲಿಗೆ ನಿಲ್ಲಿಸಿ, ಮೋಟರಿನ ಒಳಗೆ ಹಾಕುವ ಹಳದಿ ಕಾಗದದ ಒಂದು ತುಂಡನ್ನು ಗುರುತಿಗೆ ಇಟ್ಟರು. ಮಾರನೆಯ ದಿನ ಮಧ್ಯಾಹ್ನ, ಯಾರದೋ ತೋಟದ ಬೋರ್‌ವೆಲ್ ಹತ್ತಿರ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

*

ಪುಸ್ತಕವನ್ನು ಹಾಗೆಯೇ ಹಿಂತಿರುಗಿಸಿಬಿಡಬಹುದಾಗಿತ್ತು. ನಿಯಮ ಮುರಿದಂತೆ ಆಗುತ್ತಿರಲಿಲ್ಲ. ಸುಗುಣ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತಿದ್ದಳು, ನಾವಿಬ್ಬರೂ ಒಂದೇ ಪುಟದಲ್ಲಿ ಇರುತ್ತಿದ್ದೆವು. ನನಗೆ ಅದೇ ಬೇಕಾಗಿತ್ತು.

ಅಲ್ಲದೆ ನನಗೆ ಓದಲೂ ಆಗುತ್ತಿರಲಿಲ್ಲ. ಕಾಲೇಜಿನಿಂದ ಬಂದ ಮೆಸೇಜು, ಔಷಧಿಯ ಚೀಟಿ, ಸಾಂತ್ವನದ ಕಾರ್ಡು, ಯಾವುದೇ ಆಗಲಿ ಕಣ್ಣು ಸಾಲಿನ ಕೊನೆಗೆ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು.

"ಫೋಟೋ ಹೊಡೆದಿಟ್ಕೋತೀನಿ ಅತ್ತೆ," ಎಂದಳು ಅಕ್ಷತಾ ನನಗೆ. "ಪುಸ್ತಕ ಅವರಿಗೆ ಕೊಟ್ಬಿಡಿ. ಯಾವಾಗ ಮನಸ್ಸು ಬರುತ್ತೋ ಆವಾಗ ಫೋನಲ್ಲೇ ಓದಿ. ಹತ್ತು ವರ್ಷ ಆದ್ಮೇಲೆ ಬೇಕಾದ್ರೂ."

ಒಳ್ಳೆಯ ಉಪಾಯ. ನಾನು ಒಪ್ಪಿಕೊಳ್ಳುವುದರಲ್ಲಿದ್ದೆ. ನನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಸೌಟು.

"ಆ ಹುಡುಗಿ ಬಸ್ಸು ಹತ್ತಿದ್ಲೇನವ್ವಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾವ ಹುಡುಗಿ?"

"ಅದೇ, ಸುಗುಣ."

"ನಿಮಗೆ ಸುಗುಣ ಹೇಗೆ ಗೊತ್ತು?"

"ನೀನು ಓದಿದ್ರೆ ಗೋಡೆಗೂ ಕೇಳ್ಸಲ್ಲ. ಅವನು ಪಿಸಪಿಸ ಅಂತಿದ್ನಲ್ಲ. ಅಡಿಗೆ ಮನೆ ಗೋಡೆಗೆ ಬೆನ್ನು ಕೊಟ್ಟು ಕೂತ್ರೆ ಎಲ್ಲಾ ಕೇಳ್ಸೋದು." ಸೌಟನ್ನು ಸೆರಗಿನಿಂದ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಅವತ್ತು ಬಸ್ಸು ಬಂತು ಅಂದ. ಅಷ್ಟೇ. ಹತ್ತಿದ್ಲೋ ಇಲ್ವೋ ಅಂತ ದಿನಾ ನೆಪ್ಪಾಗ್ತದೆ. ಮಗ ಹೋದ, ಇವಳಿಗೆ ಬಸ್ಸಿನ ಚಿಂತೆ ಅಂತ ಅನ್ಕೋಬೇಡ ಕಣವ್ವ."

"ನಾನು ಹಾಗೆ ಅಂದ್ಕೊಳ್ಳಲ್ಲ ಅತ್ತೆ."

"ಹಂಗಾದ್ರೆ ಓದು. ಬಾಯಿ ಬಿಟ್ಟು ಓದು. ಅವನಂಗೆ."

ಆ ಸಂಜೆ ಸ್ಟೂಲಿನ ಈಚೆ ಕೂತೆ. ಗೋಡೆಯ ಆಚೆ ಅತ್ತೆ ಬೆನ್ನು ಕೊಟ್ಟು ಕೂತ ಸದ್ದಾಯಿತು. ಹಳದಿ ಕಾಗದ ತೆಗೆದೆ. ಮೊದಲ ಸಾಲನ್ನು ಓದಿದಾಗ ನನ್ನ ದನಿ ನನಗೇ ಬೇರೆಯವರದೆನಿಸಿತು. ಬಾಯಿಂದ ಓದಿದರೆ ಕಣ್ಣು ಓಡಲಾರದು, ಪದದ ಜೊತೆಗೇ ನಡೆಯಬೇಕು. ಹಾಗಾಗಿ ಈ ಸಲ ಕಣ್ಣು ಬರಿಗೈಯಲ್ಲಿ ಬರಲಿಲ್ಲ. ಪುಟದ ಕೊನೆಯಲ್ಲಿ ಅಭ್ಯಾಸಬಲದಿಂದ ತಲೆ ಎತ್ತಿದೆ, ಕಾದೆ.

ಗೋಡೆಯ ಆಚೆಯಿಂದ, "ಹ್ಞೂಂ," ಎಂದರು ಅತ್ತೆ.

ಸುಗುಣ ಬಸ್ಸು ಹತ್ತಿದಳು.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ದಿನವೂ ಒಂದಿಷ್ಟು ಓದಿದೆವು. ಮಾವ ಜಗಲಿಯಿಂದ ಎದ್ದುಬಂದು ಹೊಸ್ತಿಲ ಹತ್ತಿರ ಕೂರತೊಡಗಿದರು. "ಇನ್ನೂ ಗಟ್ಟಿಯಾಗಿ," ಎಂದು ಒಂದೆರಡು ಸಲ ಗದರಿದರು. ಅಕ್ಷತಾ ಕಿವಿಯಿಂದ ವೈರು ಕಿತ್ತು, "ಅಯ್ಯೋ, ಈ ಲಾರಿಯವನು ಫೋನಾದ್ರೂ ಮಾಡ್ಬಾರ್ದಾ," ಎಂದು ಒದ್ದಾಡಿದಳು. "ಆವಾಗ ಫೋನೆಲ್ಲಿತ್ತೇ ಲೇ," ಎಂದರು ಅತ್ತೆ ಗೋಡೆಯ ಆಚೆಯಿಂದ.

ಕೊನೆಯ ಸಂಜೆ ಪುಟ ತಿರುಗಿಸಿದೆ. ಅಕ್ಷರಗಳು ತಲೆಕೆಳಗಾಗಿದ್ದವು.

ಹೊಲಿಯುವಾಗ ಕೊನೆಯ ವಾರದ ಕಂತೊಂದನ್ನು ಯಾರೋ ತಿರುಗಾಮುರುಗಾ ಸೇರಿಸಿಬಿಟ್ಟಿದ್ದರು. ಅವರು ನನ್ನ ಗತಿ ನೋಡಬೇಕು ಎಂದಿದ್ದು ಇದಕ್ಕೆ. ಇಲ್ಲಿಗೆ ಬಂದಾಗ ನಾನು ತಡವರಿಸಬೇಕು, ನೆಟ್ಟಗಾದರೂ ತಲೆಕೆಳಗಾದರೂ ಓದಬಲ್ಲ ಅವರು ಸರಾಗವಾಗಿ ಓದಬೇಕು. ನಾನು ಅವರ ಮುಖ ನೋಡಿ ಹ್ಞೂಂ ಅನ್ನಬೇಕು. ಆ ಪುಟಗಳು ಅವರ ಕಡೆಗೆ ಮುಖ ಮಾಡಿದ್ದವು.

"ಪುಸ್ತಕ ತಿರುಗಿಸಿ ಅತ್ತೆ," ಎಂದಳು ಅಕ್ಷತಾ. "ಫೋನಲ್ಲಾಗಿದ್ರೆ ತಾನೇ ತಿರುಗೋದು."

ನಾನು ಪುಸ್ತಕ ತಿರುಗಿಸಲಿಲ್ಲ. ಎದ್ದು, ಸ್ಟೂಲನ್ನು ಸುತ್ತಿ, ಆಚೆ ಕಡೆ ಹೋಗಿ ಅವರ ಜಾಗದಲ್ಲಿ ಕೂತೆ. ಅವರು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಗೋಡೆಯಲ್ಲಿ ಅವರ ತಲೆ ಒರಗಿದ ಎಣ್ಣೆಯ ಗುರುತು. ವಾರ್ನಿಷ್‌ನ ವಾಸನೆ, ತೀರಾ ಸಣ್ಣಗೆ. ಅಲ್ಲಿಂದ ನಾನು ಕೂರುತ್ತಿದ್ದ ಜಾಗ ಕಾಣುತ್ತಿತ್ತು. ಕಿಟಕಿಯ ಬೆಳಕೆಲ್ಲ ಅಲ್ಲಿಗೇ ಬೀಳುತ್ತಿತ್ತು. ಇಷ್ಟು ದಿನ ಅವರಿಗೆ ಏನು ಕಾಣುತ್ತಿತ್ತು ಎಂದು ಆಗ ತಿಳಿಯಿತು. ಬೇಕೆಂದೇ ನಿಧಾನ ಮಾಡುತ್ತಿದ್ದುದು ನಾನು ಅವರನ್ನು ನೋಡಲಿ ಎಂದು ಮಾತ್ರವಲ್ಲ, ಅವರೂ ನನ್ನನ್ನು ನೋಡಲೆಂದು.

ಅಳು ಬಂತು. ಮಣ್ಣು ಮಾಡಿದ ದಿನ ಬರದಿದ್ದ ಅಳು. ಮುಖ ಒರೆಸಿಕೊಂಡು, ಅವರ ಕಡೆಯಿಂದ, ನಿಧಾನವಾಗಿ, ಕಥೆ ಮುಗಿಯುವವರೆಗೆ ಓದಿದೆ.

*

ಅಮಾವಾಸ್ಯೆಯ ದಿನ ಬೆಳಿಗ್ಗೆ ಅಜ್ಜಂಪುರದಿಂದ ಬೀರೂರಿನ ಬಸ್ಸು ಹತ್ತಿದೆ. ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಪುಟ್ಟಯ್ಯನವರು ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಇದ್ದರು. ನನ್ನ ಕೈಯ ಪುಸ್ತಕ ನೋಡಿ, ಆಮೇಲೆ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು.

"ಹಾಲೇಶಪ್ಪ ಬರ್ಲಿಲ್ವೇ?"

"ಅವರು ಹೋಗಿಬಿಟ್ರು. ನೀವು ಫೋನ್ ಮಾಡೋಕೆ ಮೊದಲೇ."

ಚೌಕಟ್ಟು ಹಿಡಿದುಕೊಂಡರು. "ಬಂದ್ಮೇಲೆ ಹೇಳು ಅಂದ್ನಲ್ಲವ್ವಾ ನಾನು. ನೀನು ಹ್ಞೂಂ ಅಂದ್ಯಲ್ಲ..."

"ಹೇಳಿದೆ. ಓದಿ ಮುಗಿಸಿದ್ವಿ."

ಚೌಕಟ್ಟು ಬಿಟ್ಟು ಪಕ್ಕಕ್ಕೆ ಸರಿದರು. ಆಮೇಲೆ ಒಳಗೆ ಕರೆದು ಚಾಪೆ ಹಾಸಿದರು.

ಹಾಲಮ್ಮನವರ ಫೋಟೋದ ಮುಂದೆ ಬಾಳೆಲೆಯಲ್ಲಿ ಎಡೆ. ಒಬ್ಬಟ್ಟು, ಚಕ್ಕುಲಿ, ಎಲೆಅಡಿಕೆ. ಪಕ್ಕದಲ್ಲಿ ಅಂಥವೇ ಕ್ಯಾಲೆಂಡರ್ ರಟ್ಟಿನ ಪುಸ್ತಕಗಳ ಸಾಲು. ಮುಂದೆ ಒಂದು ಹಳೆಯ ಕನ್ನಡಕ.

"ಹೊಲಿದಿದ್ದು ನಾನೇ," ಎಂದರು. "ಜಗಳ ಆಡ್ತಾ ಹೊಲಿದೆ, ಒಂದು ವಾರದ್ದು ತಲೆಕೆಳಗಾಗೋಯ್ತು. ಬಿಚ್ಚಿ ಸರಿ ಮಾಡ್ತೀನಿ ಅಂದ್ರೆ ಬಿಡ್ಲಿಲ್ಲ. ಓದ್ತಾ ಅಲ್ಲಿಗೆ ಬಂದಾಗೆಲ್ಲ ನಿನಗೆ ಬೈಬೇಕಲ್ಲ, ಇರ್ಲಿ ಬಿಡು ಅನ್ನೋಳು. ಹಾಲೇಶಪ್ಪಂಗೆ ಹೇಳಿದ್ದಕ್ಕೆ ಎಂಗೆ ನಕ್ಕ ಅಂತೀಯ! ನನಗೋಸ್ಕರಾನೇ ಹೊಲಿದಿದ್ದೀರಿ ಅಂದ."

ಕನ್ನಡಕದ ಕಡ್ಡಿಗಳನ್ನು ಬಿಡಿಸಿ ಸರಿಯಾಗಿ ಇಟ್ಟರು. ನಾನು ಪುಸ್ತಕವನ್ನು ತೆರೆದು, ಮೊದಲ ಪುಟವನ್ನು ಫೋಟೋದ ಕಡೆಗೆ ಮಾಡಿ ಇಟ್ಟೆ. ಹಳದಿ ಕಾಗದವನ್ನು ಅದರಲ್ಲೇ ಬಿಟ್ಟೆ.

"ತಲೆಕೆಳಗೆ ಇಟ್ಯಲ್ಲವ್ವಾ," ಎಂದರು ಪುಟ್ಟಯ್ಯ.

"ನಮಗೆ ತಲೆಕೆಳಗು. ಅವರಿಗೆ ಸರಿಯಾಗಿದೆ."

ಅವರು ಚಾಪೆಯ ಮೇಲೆ, ಪುಸ್ತಕದ ಈಚೆ, ಮೆಲ್ಲಗೆ ಕೂತರು. ಕತ್ತು ಓರೆ ಮಾಡಿ ಅಕ್ಷರಗಳನ್ನು ನೋಡಿದರು.

"ಪುಟ ಯಾರು ತಿರುಗ್ಸೋದು?"

"ನೀವು," ಎಂದೆ. "ಅವರು ಹ್ಞೂಂ ಅಂದ ಮೇಲೆ."